ಗೋಡೆಯ ಮರೆಯಿಂದ ಹತ್ತೊಂಬತ್ತು ಹೆಸರು

ಪುಣೆಯ ನಾರಾಯಣ ಪೇಟೆಯಲ್ಲಿ ಅಂಗಳಗಳಿಗೆ ಇನ್ನೂ ಸೆಗಣಿನೀರು ಬಿದ್ದಿಲ್ಲ. ಸಗುಣಾಬಾಯಿ ಪರ್ಚುರೆ ಒಂದು ಬಾಗಿಲ ಪಕ್ಕ, ಗೋಡೆಗೆ ಒತ್ತಿ ನಿಂತು ಕೂಗುತ್ತಾರೆ: "ಏ ಭಾಗೀ, ಸಾಲಿಗೆ ನಡಿಯವ್ವಾ!"

ಬೆಳಿಗ್ಗೆ ಎದ್ದು ಬೋಳುತಲೆಯ ವಿಧವೆಯ ಮುಖ ನೋಡಿದರೆ ದಿನ ಕೆಡುತ್ತದೆ ಎಂಬುದು ಪೇಟೆಯ ನಂಬಿಕೆ. ದಿನಾ ಬೆಳಿಗ್ಗೆ ಮನೆಮನೆಗೆ ಹೋಗಿ ಹುಡುಗಿಯರನ್ನು ಶಾಲೆಗೆ ಕರೆದೊಯ್ಯುವುದು ಸಗುಣಾಬಾಯಿಯ ನೌಕರಿ. ಎರಡಕ್ಕೂ ರಾಜಿ ಮಾಡಿಸಿರುವುದು ಗೋಡೆ.

1881ರಲ್ಲಿ ಶಾಲೆ ಶುರುವಾದಾಗ ಆರು ಹುಡುಗಿಯರು. ಏಳು ವರ್ಷಕ್ಕೆ ಹತ್ತೊಂಬತ್ತು. ಮರ್ಯಾದಸ್ಥರ ಮಗಳು ಒಂಟಿಯಾಗಿ ಬೀದಿಗಿಳಿಯುವಂತಿಲ್ಲ, ಜೊತೆಗೆ ತಮ್ಮದೇ ಜಾತಿಯ ಹೆಂಗಸು ಬೇಕು. ಹುಡುಗಿಯರು ಕೈಕೈ ಹಿಡಿದು ಬರುತ್ತಾರೆ. ಸಗುಣಾಬಾಯಿ ನಾಲ್ಕು ಹೆಜ್ಜೆ ಮುಂದೆ, ಯಾರ ಕೈಯೂ ಇಲ್ಲದೆ. ಪಾಠ ಮುಗಿಯುವವರೆಗೆ ಹೊರಗಿನ ಕಟ್ಟೆಯೇ ಅವರ ಜಾಗ.

ಅವರಿಗೆ ಒಂಬತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. "ತವರಾಗ ನಾ ಠಕೂ. ಮದುವ್ಯಾಗ ಗಂಡ ಹೊಸಾ ಹೆಸರಿಟ್ಟು ಸಗುಣಾ ಅಂದ್ರು. ಅಂದಾವ್ರು ಹೋಗಿಬಿಟ್ರು, ಹೆಸರು ಇಲ್ಲೇ ಉಳೀತು ನೋಡ್ರಿ. ಈಗ ಎರಡರಾಗ ಯಾವುದನ್ನೂ ಕರಿಯಾವ್ರಿಲ್ಲ."

ಹೀಗಿದ್ದೂ ಕಳೆದ ವೈಶಾಖದಲ್ಲಿ ತಪ್ಪಿದ್ದು ಅವರೇ. ಹತ್ತು ವರ್ಷದ ಕೊಂಡಿ ದಾರಿಯುದ್ದಕ್ಕೂ ಅಂಗಡಿ ಹಲಗೆಗಳನ್ನು ಅವರಿಗೆ ಓದಿ ಹೇಳುತ್ತಿದ್ದವಳು. ಅವಳಿಗೆ ಮದುವೆಯಾಯಿತು. ಇನ್ನೊಂದು ವರ್ಷ ಓದಲಿ ಎಂದು ಮಾವ ಒಪ್ಪಿದ್ದರು. ಮೊದಲ ಬೆಳಿಗ್ಗೆ ಸಗುಣಾಬಾಯಿ ಆ ಮನೆಯ ಗೋಡೆಗೆ ಒರಗಿ, ರೂಢಿಯಂತೆ, "ಏ ಕೊಂಡೀ!" ಎಂದರು. ಮದುವೆಯ ಶಾಸ್ತ್ರದಂತೆ ತಟ್ಟೆಯ ಅಕ್ಕಿಯಲ್ಲಿ ವರ ಉಂಗುರದಿಂದ 'ಇಂದಿರಾ' ಎಂದು ಅವಳ ಹೊಸ ಹೆಸರು ಬರೆದು ಎಂಟು ದಿನವಾಗಿತ್ತು.

ಒಳಗಿನಿಂದ ಅತ್ತೆಯ ದನಿ ಬಂತು: "ಆ ಹೆಸರಿನಾಕಿ ನಮ್ಮನ್ಯಾಗಿಲ್ಲ ಕಾಕೂ! ಸೊಸಿಗೆ ತವರ ಹೆಸರು ಹಿಡಿದು ಒದರ್ತೀರಿ, ಅದೂ ಹೊತ್ತು ಮೂಡೂದರಾಗ, ಇಂಥಾ ಶಕುನ! ಸಾಕು ನಿಮ್ಮ ಸಾಲಿ."

ಮರುದಿನ ಅವರು "ಇಂದಿರಾ" ಎಂದು ಕರೆದರು. ಬಾಗಿಲು ತೆರೆಯಲಿಲ್ಲ.

"ತಪ್ಪು ನಂದ. ಹೆಸರು ಬದಲಾಗಿರತದ ಅನ್ನೂದು ನನಗಲ್ಲದ ಇನ್ಯಾರಿಗೆ ಗೊತ್ತಿರಬೇಕಿತ್ತು?"

ಈಗಲೂ ದಿನಾ ಆ ಗೋಡೆಯ ಬಳಿ ಅವರು ನಿಲ್ಲುತ್ತಾರೆ. ಪಕ್ಕದ ಮನೆಯ ದ್ವಾರಕಿಯನ್ನು ಅಲ್ಲಿಂದಲೇ, ಬೇಕಾದ್ದಕ್ಕಿಂತ ಜೋರಾಗಿ ಕರೆಯುತ್ತಾರೆ. ಕೊಂಡಿಯ ಮನೆಯೊಳಗೆ ಬೀಸುವ ಕಲ್ಲಿನ ಸದ್ದು ಗಕ್ಕನೆ ನಿಲ್ಲುತ್ತದೆ. ಹುಡುಗಿಯರ ಹೆಜ್ಜೆ ತಿರುವು ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ.

ಏನಾದರೂ ಆಸೆ ಉಂಟೇ ಎಂದರೆ ಸಗುಣಾಬಾಯಿ ತಲೆಯ ಮೇಲಿನ ಕೆಂಪು ಸೆರಗು ಮುಂದಕ್ಕೆಳೆದುಕೊಳ್ಳುತ್ತಾರೆ. "ಆ ಮನ್ಯಾಗ ಅಕೀಗೊಂದು ಮಗಳು ಹುಟ್ಟಿ, ಸಾಲಿಗೆ ಬರೂ ತನಕ ಈ ದನಿ ಉಳಿದ್ರ ಸಾಕ್ರಿ. ಆ ಸರ್ತಿ ಹೆಸರು ಮೊದಲ ಕೇಳ್ಕೊಂಡ ಬರ್ತೀನಿ."