ತಪ್ಪು ಉತ್ತರ ಹೇಳುವ ಹುಡುಗಿ

ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರಿನ ಮೇಲೆ ಅಕ್ಕಿನುಚ್ಚಿನಷ್ಟು ಒಂದು ಬಿಳಿ ಚುಕ್ಕೆಯಿತ್ತು. ನಾನು ಮೊದಲು ನೋಡಿದಾಗ ಉಗುರಿನ ಬುಡದಲ್ಲಿದ್ದದ್ದು, ಶಾಲಾ ಇನ್ಸ್‌ಪೆಕ್ಟರು ಬರುವ ಹೊತ್ತಿಗೆ ನಡುವಿಗೆ ಬಂದಿತ್ತು. ಏಳನೇ ತರಗತಿಯಲ್ಲಿ ನಾನಾಗಿ ಗಮನಿಸಿ ತಿಳಿದುಕೊಂಡ ವೈಜ್ಞಾನಿಕ ಸತ್ಯ ಇದೊಂದೇ: ಉಗುರು ಬೆಳೆಯುತ್ತದೆ. ಉಳಿದದ್ದನ್ನೆಲ್ಲ ಬಾಯಿಪಾಠ ಮಾಡಿಸಿದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದು ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ರಸ್ತೆಯ ಬದಿಯ ಊರು. ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು. ಹಾಗಾಗಿ ಏಳನೆಯವರೆಂದರೆ ಶಾಲೆಯ ಆಡಳಿತವರ್ಗ. ತೊಂಡೆಸೊಪ್ಪು, ಇದ್ದಿಲು ಸೇರಿಸಿ ಅರೆದು ಕರಿಹಲಗೆಗೆ ಬಳಿಯುವುದು, ಗಂಟೆ ಹೊಡೆಯುವುದು, ಮೇಷ್ಟ್ರು ಟೀ ಕುಡಿಯಲು ಹೋದಾಗ ಒಂದನೇ ತರಗತಿಯನ್ನು ಹೆದರಿಸಿ ಕೂರಿಸುವುದು, ಇದು ನಮ್ಮ ಪಠ್ಯಕ್ರಮ. ಪುಸ್ತಕದಲ್ಲಿ ಇದ್ದದ್ದು ಪಠ್ಯೇತರ ಚಟುವಟಿಕೆ.

ಆ ವರ್ಷ ಇನ್ಸ್‌ಪೆಕ್ಟರ ಮುಂದೆ ಒಂದು ಮಾದರಿ ಪಾಠ ಮಾಡಬೇಕೆಂದು ಮೇಷ್ಟ್ರಿಗೆ ಆದೇಶ ಬಂತು. ಅವರ ಸಂಸಾರ ಚಾಮರಾಜನಗರದಲ್ಲಿತ್ತು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಅವರು ಓಡುವುದನ್ನು ನೋಡಿದವರಿಗೆ, ಅವರಿಗೆ ಅಲ್ಲಿಗೆ ವರ್ಗ ಬೇಕೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾಠ ಚೆನ್ನಾಗಿ ಆದರೆ ಇನ್ಸ್‌ಪೆಕ್ಟರು ಒಂದು ಒಳ್ಳೆಯ ಮಾತು ಬರೆಯುತ್ತಾರೆ. ಬರೆದರೆ ವರ್ಗ ಆಗುತ್ತದೆ. ಹೀಗೆ ಏಳನೇ ತರಗತಿ ಪೂರ್ತಿಯಾಗಿ ಒಂದೇ ಪಾಠವನ್ನು ಕಲಿಯತೊಡಗಿತು.

ಪಾಠ, ಗಾಳಿಗೆ ತೂಕವಿದೆ ಎಂಬುದು. ಒಂದು ಬಿದಿರುಕಡ್ಡಿ, ಅದರ ನಡುವೆ ದಾರ, ಎರಡು ತುದಿಗೂ ಒಂದೊಂದು ಊದಿದ ಬಲೂನು. ದಾರ ಹಿಡಿದು ಎತ್ತಿದರೆ ಕಡ್ಡಿ ಸಮವಾಗಿ ನಿಲ್ಲುತ್ತದೆ. ಒಂದು ಬಲೂನನ್ನು ಪಿನ್ನಿನಿಂದ ಚುಚ್ಚಿದರೆ, ಗಾಳಿ ತುಂಬಿರುವ ಇನ್ನೊಂದು ಬಲೂನಿನ ಕಡೆ ಕೆಳಗಿಳಿಯಬೇಕು. ಪುಸ್ತಕದಲ್ಲಿ ಅದು ಇಳಿದಿತ್ತು, ಚಿತ್ರವೂ ಇತ್ತು. ನಮ್ಮ ಶಾಲೆಯಲ್ಲಿ ಇಳಿಯಲಿಲ್ಲ. ಮೇಷ್ಟ್ರು ಸಂತೆಯಿಂದ ಹೊಸ ಬಲೂನು ತಂದರು, ಕಡ್ಡಿ ಬದಲಾಯಿಸಿದರು, ಫ್ಯಾನಿಲ್ಲದ ಕೋಣೆಯ ಕಿಟಕಿಯನ್ನೂ ಮುಚ್ಚಿಸಿದರು. ಕೊನೆಗೆ ಒಂದು ದಿನ ಚುಚ್ಚಿದ ಕೈಯನ್ನು ಹಾಗೇ ಇನ್ನೊಂದು ತುದಿಗೆ ಒಯ್ದು, ಏನನ್ನೋ ತೋರಿಸುವವರಂತೆ, ಬಿಳಿ ಚುಕ್ಕೆಯ ಹೆಬ್ಬೆರಳನ್ನು ಕಡ್ಡಿಯ ಮೇಲಿಟ್ಟರು. ಕಡ್ಡಿ ಇಳಿಯಿತು. ಅಂದಿನಿಂದ ಪ್ರಯೋಗ ಒಮ್ಮೆಯೂ ವಿಫಲವಾಗಲಿಲ್ಲ.

ಒಂದನೇ ತರಗತಿಯವರು ಒಡೆದ ಬಲೂನಿನ ಚೂರುಗಳಿಗೆ ಬಾಗಿಲಲ್ಲೇ ಕಾದಿರುತ್ತಿದ್ದರು. ಬಾಯಲ್ಲಿಟ್ಟು ಎಳೆದು ಸಣ್ಣ ಬುಗ್ಗೆ ಮಾಡಿ, ಪಕ್ಕದವರ ಹಣೆಗೆ ಬಡಿದು ಪಟ್ಟೆನ್ನಿಸುತ್ತಿದ್ದರು. ಆ ವರ್ಷ ವಿಜ್ಞಾನದಿಂದ ನೇರ ಪ್ರಯೋಜನ ಪಡೆದವರು ಅವರೇ.

ಮಾದರಿ ಪಾಠಕ್ಕೆ ಒಂದು ತಪ್ಪು ಉತ್ತರ ಬೇಕು. ಮೊದಲನೆಯ ಉತ್ತರವೇ ಸರಿಯಾಗಿಬಿಟ್ಟರೆ ಮೇಷ್ಟ್ರಿಗೆ ಕಲಿಸಲು ಏನು ಉಳಿಯಿತು? ಗಾಳಿಗೆ ತೂಕ ಇದೆಯೇ ಎಂದು ಅವರು ಕೇಳಬೇಕು, ಒಬ್ಬರು ಇಲ್ಲ ಎನ್ನಬೇಕು, ಅವರು ತಪ್ಪು ಎನ್ನಬೇಕು, ಇನ್ನೊಬ್ಬರು ಇದೆ ಎನ್ನಬೇಕು, ಅವರು ಭೇಷ್ ಎನ್ನಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು. ಆಮೇಲೆ ಬಲೂನು. ತಪ್ಪು ಉತ್ತರಕ್ಕೆ ಮೇಷ್ಟ್ರು ನನ್ನನ್ನು ಆರಿಸಿದರು. ತರಗತಿಯಲ್ಲಿ ಹೆಚ್ಚು ಅಂಕ ಬರುತ್ತಿದ್ದದ್ದು ನನಗೆ.

“ನಾನ್ಯಾಕೆ ಸಾರ್?” ಎಂದೆ.

“ನಿಜವಾಗ್ಲೂ ಗೊತ್ತಿಲ್ದೋರ್ನ ನಂಬೋಕಾಗಲ್ಲ ಕಣಮ್ಮ. ಬಾಯ್ತಪ್ಪಿ ಸರಿ ಹೇಳ್ಬಿಟ್ರೆ ನನ್ ಗತಿ ಏನು?”

ಸರಿ ಉತ್ತರ ಶಾಲಾ ಸಮಿತಿಯ ಅಧ್ಯಕ್ಷರ ಮೊಮ್ಮಗನಿಗೆ ಹೋಯಿತು. ಅವನು ಹೇಳಬೇಕಾದದ್ದು “ಇದೆ ಸಾರ್” ಎಂಬ ಎರಡು ಪದ. ಅದರಲ್ಲಿ ಎರಡನೆಯದು ಅವನಿಗೆ ಮೊದಲೇ ಬರುತ್ತಿತ್ತು.

ಇಷ್ಟೇ ಆಗಿದ್ದರೆ ನನಗೆ ಅಡ್ಡಿಯಿರಲಿಲ್ಲ. ಮಾತು ಕಡಿಮೆ ಇರುವವರಿಗೆ ಯಾವ ಉತ್ತರವಾದರೂ ಒಂದೇ ಭಾರ. ಆದರೆ ಮನೆಯಲ್ಲಿ ಅದೇ ಹೊತ್ತಿಗೆ ನನ್ನ ಹೈಸ್ಕೂಲಿನ ವಿಚಾರ ನಡೆದಿತ್ತು. ಹೈಸ್ಕೂಲಿಗೆ ದಿನವೂ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಬೇಕು. ಅಜ್ಜಿಯ ಪ್ರಕಾರ ಏಳನೇ ಕ್ಲಾಸಿಗಿಂತ ಹೆಚ್ಚು ಓದಿದ ಹೆಣ್ಣಿಗೆ ರೊಟ್ಟಿ ತಟ್ಟುವುದು ಮರೆತುಹೋಗುತ್ತದೆ. ಶಾಲಾ ಸಮಿತಿಯಲ್ಲೂ ಒಬ್ಬನಾಗಿದ್ದ ಅಪ್ಪನದು ರಸ್ತೆಬದಿಯ ದಿನಸಿ ಅಂಗಡಿ, ಯಾವುದನ್ನೂ ತೂಗದೆ ಒಪ್ಪುವವನಲ್ಲ, ತೂಗದೆ ಬಿಡುವವನೂ ಅಲ್ಲ.

“ಇನ್ಸ್‌ಪೆಕ್ಟ್ರು ಬತ್ತಾರಂತಲ್ಲ, ಸಮಿತಿಯವ್ರೂ ಬಂದ್ ಕೂತ್ಕಳಿ ಅಂದವ್ರೆ,” ಎಂದು ಅವನು ಅಜ್ಜಿಗೆ ಹೇಳುವುದು ಅಡುಗೆಮನೆಗೆ ಕೇಳಿಸಿತು. “ಅಮ್ಮಿ ಅವ್ರ ಮುಂದ ಎಂಗ್ ಉತ್ರ ಯೋಳ್ತಾಳ ನೋಡ್ತೀನಿ. ಚೂಟಿಯಾಗಿ ಯೋಳುದ್ರೆ ಕಳುಸ್ತೀನಿ. ಪೆದ್ದುಪೆದ್ದಾಗಿ ಯೋಳುದ್ರೆ ನೀ ಯೋಳ್ದಂಗೇ ಆಗ್ಲಿ ಬುಡವ್ವ.”

ಮರುದಿನ ಮೇಷ್ಟ್ರ ಬಳಿ ಹೋಗಿ, “ಸಾರ್, ಅವತ್ತು ನಮ್ಮಪ್ಪನೂ ಬರ್ತಾರೆ,” ಎಂದೆ.

“ಬರ್ಲಿ, ಒಳ್ಳೇದೇ ಆಯ್ತಲ್ಲ. ಜೋರಾಗಿ ಹೇಳು ಮತ್ತೆ, ಕೊನೇ ಕುರ್ಚಿಗೂ ಕೇಳ್ಬೇಕು.”

ಅಪ್ಪನಿಗೆ ಮೊದಲೇ ತಿಳಿಸಬಹುದಿತ್ತಲ್ಲ ಎಂದು ಕೇಳಬಹುದು. ನಮ್ಮ ಅಂಗಡಿಯಲ್ಲಿ ಆಡಿದ ಮಾತು ಸಕ್ಕರೆ ಪೊಟ್ಟಣದ ಜೊತೆಯಲ್ಲೇ ಎಲ್ಲ ಮನೆಗಳಿಗೂ ಹೋಗುತ್ತಿತ್ತು. ಇದು ಮೊದಲೇ ಹೇಳಿಕೊಟ್ಟ ಪಾಠ ಎಂಬ ಸುದ್ದಿ ಇನ್ಸ್‌ಪೆಕ್ಟರಿಗಿಂತ ಮುಂಚೆ ಶಾಲೆಗೆ ಬಂದು ಕೂರುತ್ತಿತ್ತು.

ಆ ದಿನ ಗೋಡೆಗುಂಟ ಮದುವೆಮನೆಯಿಂದ ತಂದ ಮಡಿಚುವ ಕುರ್ಚಿಗಳು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಕೈ ಮಂಡಿಯ ಮೇಲಿಟ್ಟು ಕೂತಿದ್ದ. ಇನ್ಸ್‌ಪೆಕ್ಟರು ಎಳನೀರಿನಲ್ಲಿ ಮಗ್ನರಾಗಿದ್ದರು. ಮೇಷ್ಟ್ರು ಹಲಗೆಯ ಮೇಲೆ ದುಂಡಗೆ ಶೀರ್ಷಿಕೆ ಬರೆದು ನಮ್ಮ ಕಡೆ ತಿರುಗಿದರು. ಶೀರ್ಷಿಕೆಯಲ್ಲೇ ಉತ್ತರ ಇತ್ತು. ಅದನ್ನು ಯಾರೂ ಗಮನಿಸಲಿಲ್ಲ.

“ಮಕ್ಕಳೇ, ಗಾಳಿಗೆ ತೂಕ ಇದೆಯೇ? ಎಲ್ಲಿ, ನೀನು ಹೇಳಮ್ಮ.”

ಎದ್ದು ನಿಂತೆ. ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದ್ದು ಕಂಡಿತು. ಅಷ್ಟು ದಿನ ಅಭ್ಯಾಸ ಮಾಡಿದ ಮಾತು ಗಂಟಲಿನವರೆಗೂ ಬಂದಿತ್ತು.

“ಇದೆ ಸಾರ್,” ಎಂದೆ. ಕೊನೆಯ ಕುರ್ಚಿಗೂ ಕೇಳುವಂತೆ.

“ತಪ್ಪು!” ಎಂದರು ಮೇಷ್ಟ್ರು, ಕರುಣೆಯಿಂದ ನಗುತ್ತಾ. “ಕೂತ್ಕೊಮ್ಮ. ಸರಿಯಾದ ಉತ್ತರ ಯಾರು ಹೇಳ್ತೀರಿ?”

ಅಧ್ಯಕ್ಷರ ಮೊಮ್ಮಗ ಚೆಂಡಿನಂತೆ ಪುಟಿದು ನಿಂತ. “ಇದೆ ಸಾರ್!”

“ಭೇಷ್!”

ತರಗತಿ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ತಟ್ಟಿದರು. ಇನ್ಸ್‌ಪೆಕ್ಟರು ಎಳನೀರನ್ನು ಪಕ್ಕಕ್ಕಿಟ್ಟು ತಟ್ಟಿದರು. ನಾನೂ ತಟ್ಟಿದೆ, ಅದೂ ಅಭ್ಯಾಸದಲ್ಲಿ ಸೇರಿತ್ತು. ಅಪ್ಪನ ಕೈ ಮಾತ್ರ ಮಂಡಿಯ ಮೇಲೇ ಇತ್ತು. ಮೇಷ್ಟ್ರಿಗೆ ಏನಾಯಿತೆಂದು ಹೊಳೆದದ್ದು ಪಿನ್ನು ಕೈಗೆತ್ತಿಕೊಂಡ ಮೇಲೆ. ಒಂದು ಕ್ಷಣ ನನ್ನನ್ನು ನೋಡಿದರು, ಕಿವಿ ಕೆಂಪಾಯಿತು, ಬಲೂನು ಒಡೆಯಿತು, ಹೆಬ್ಬೆರಳು ತನ್ನ ಜಾಗಕ್ಕೆ ಹೋಯಿತು, ಗಾಳಿಗೆ ತೂಕ ಬಂತು. ಇನ್ಸ್‌ಪೆಕ್ಟರು ಎದ್ದು, ಇಂಥ ಚುರುಕಾದ ಮಕ್ಕಳನ್ನು ತಾವು ತಾಲೂಕಿನಲ್ಲೇ ಕಂಡಿಲ್ಲವೆಂದರು. ಮೊಮ್ಮಗನಿಗೆ ಒಂದು ಪೆನ್ನು ಕೊಟ್ಟರು.

ಸಂಜೆ ಅಂಗಡಿಗೆ ಗಿರಾಕಿ ಇಲ್ಲದ ಹೊತ್ತು ನೋಡಿ ಅಪ್ಪ ನನ್ನನ್ನು ಕರೆದ.

“ಅಲ್ಲ ಕಣಮ್ಮಿ, ನೀ ಏನ್ ಯೋಳ್ದೆ?”

“ಇದೆ ಅಂದೆ.”

“ಆ ಅಧ್ಯಕ್ಷರ ಮನೆ ಹೈದ ಏನಂದ?”

“ಇದೆ ಅಂದ.”

“ನಾ ಕಿವುಡಾಗ್ಬುಟ್ನೇನೋ ಅನ್ಕಂಡಿದ್ದಿ,” ಎಂದು ಅಪ್ಪ ಉಸಿರು ಬಿಟ್ಟ. “ಒಂದೇ ಮಾಲು. ಅವ್ನಿಗೆ ಪೆನ್ನು, ನಿಂಗೆ ಕೂತ್ಕೊ. ನಾ ಇಂಗ್ ಯಾಪಾರ ಮಾಡುದ್ರೆ ಅಂಗಡಿಗೆ ಬೆಂಕಿ ಇಕ್ತಾರೆ.”

ಆಗ ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ಉತ್ತರ ನನ್ನ ಪಾಲಿಗೆ ಬಂದದ್ದು, ಅಭ್ಯಾಸ ಮಾಡಿಸಿದ್ದು, ಎಲ್ಲ. ಒಳಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಜ್ಜಿ, “ಗಾಳಿ ತೂಗಕ್ಕೆ ಒಬ್ಬ ಮೇಷ್ಟ್ರು, ಅದ್ನ ನೋಡಕ್ಕೆ ಇನ್ನೊಬ್ಬ ಸಾಯೇಬ್ರು! ಇದ್ನ ಕಲಿಯಕ್ಕೆ ಗುಂಡ್ಲುಪೇಟೆಗ್ ಬೇರೆ ಓಗ್ಬೇಕಾ? ಇಲ್ಲೇನ್ ಗಾಳಿ ಇಲ್ವಾ?” ಎಂದಳು.

“ನೀ ಸುಮ್ಕಿರವ್ವ,” ಎಂದ ಅಪ್ಪ ನನ್ನ ಕಡೆ ತಿರುಗಿದ. “ಮೇಷ್ಟ್ರು ಕಡ್ಡೀನ ಅಮುಕುದ್ರು. ನಾ ನೋಡ್ದಿ.”

ನೋಡದೇ ಇರುವುದು ಹೇಗೆ? ಅಂಗಡಿಯಲ್ಲಿ ಬೆಳೆದವರ ಕಣ್ಣು ಮೊದಲು ಹೋಗುವುದೇ ತೂಗುವವನ ಹೆಬ್ಬೆರಳಿನ ಮೇಲೆ. ಅಪ್ಪನ ಹೆಬ್ಬೆರಳಿನ ಬಗ್ಗೆ ಹುಣಸೆಹಣ್ಣು ತಂದು ಮಾರುವವರು ಏನೆನ್ನುತ್ತಿದ್ದರೋ, ಅದನ್ನು ನಾನಿಲ್ಲಿ ಬರೆಯುವುದಿಲ್ಲ.

“ಅಮುಕುದ್ರು ಅಂದ್ಮೇಲೆ ತೂಕ ಇಲ್ಲ ಅಂತ್ಲೇ ಲೆಕ್ಕ,” ಎಂದ.

“ಇದೆ ಅಪ್ಪ.”

“ಇದ್ರೆ ಬೆಳಿಗ್ಗೆ ನನ್ ತಕ್ಕಡೀಲಿ ತೂಗಿ ತೋರ್ಸು. ತೋರ್ಸುದ್ರೆ ಹೈಸ್ಕೂಲ್ಗೆ ಓಗು, ಯಾರೂ ಬ್ಯಾಡ ಅನ್ನಂಗಿಲ್ಲ. ಇಲ್ಲ ಅಂದ್ರೆ ಅಜ್ಜಿ ಮಾತು.”

ಮರುದಿನ ಬೆಳಿಗ್ಗೆ ಶಾಲೆಯಲ್ಲಿ ಮಿಕ್ಕಿದ್ದ ಎರಡು ಬಲೂನು ಹಿಡಿದು ಅಂಗಡಿಗೆ ಹೋದೆ. ಅಪ್ಪ ತಕ್ಕಡಿಗೆ ಊದುಬತ್ತಿ ಬೆಳಗುತ್ತಿದ್ದ. “ಬೋಣಿಗ್ ಮುಂಚೆ ತೂಗ್ಬುಡು. ಗಾಳಿನೇ ಬೋಣಿ ಆದ್ರೆ ದಿನ ಎಲ್ಲಾ ಗಾಳಿನೇ ಮಾರ್ಬೇಕಾಯ್ತದೆ,” ಎಂದ. ಅಜ್ಜಿ ಹೊಸಿಲ ಮೇಲೆ ಬಂದು ನಿಂತಳು.

ಜೀರಿಗೆ ತೂಗುವ ಸಣ್ಣ ತಕ್ಕಡಿ ಕೇಳಿ ತೆಗೆದುಕೊಂಡೆ. ಎರಡು ಬಲೂನನ್ನೂ ಊದಿ, ತಟ್ಟೆಗೊಂದರಂತೆ ಕಟ್ಟಿ, ಹಗುರವಾದ ಕಡೆಗೆ ಸಾಸಿವೆ ಕಾಳು ಹಾಕುತ್ತಾ ಸಮ ಮಾಡಿದೆ. ಮುಳ್ಳು ನೆಟ್ಟಗೆ ನಿಂತಿತು. ಬಲಗಡೆಯ ಬಲೂನನ್ನು ಪಿನ್ನಿನಿಂದ ಚುಚ್ಚಿದೆ. ತಟ್ಟೆಗಳು ಒಂದಷ್ಟು ಹೊತ್ತು ಓಲಾಡಿದವು. ಆಮೇಲೆ ಮುಳ್ಳು ಮತ್ತೆ ಅಲ್ಲಿಗೇ, ನೆಟ್ಟಗೆ ಬಂದು ನಿಂತಿತು. ಗಾಳಿಗೆ ತೂಕ ಇರುವುದು ನಿಜ. ಆದರೆ ಅಪ್ಪನ ತಕ್ಕಡಿಯನ್ನು ಮಾಡಿದವರು ಅಷ್ಟು ಸೂಕ್ಷ್ಮವಾದ ಗಿರಾಕಿಯನ್ನು ನಿರೀಕ್ಷಿಸಿರಲಿಲ್ಲ.

“ಆಯ್ತಲ್ಲ,” ಎಂದಳು ಅಜ್ಜಿ.

ನಾನು ಎಡಗಡೆಯ ತಟ್ಟೆಯ ಸರಪಣಿಯನ್ನು ಸರಿಮಾಡುವವಳಂತೆ ಕೈ ಚಾಚಿ, ತಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಇಟ್ಟೆ. ಮೇಷ್ಟ್ರಷ್ಟು ಒರಟಾಗಿ ಅಲ್ಲ. ತಟ್ಟೆ ಇಳಿಯಿತು.

ಅಪ್ಪ ನನ್ನ ಹೆಬ್ಬೆರಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ರಸ್ತೆಯ ಕಡೆಗೆ ಮುಖ ತಿರುಗಿಸಿ, “ಇಳೀತು ಕಣವ್ವ,” ಎಂದು ಅಜ್ಜಿಗೆ ಹೇಳಿದ. “ಬಸ್ ಪಾಸ್ಗೆ ಪೋಟ ಬೇಕಾಯ್ತದೆ. ಭಾನುವಾರ ಪ್ಯಾಟೆಗೋಗನ.”

ಸಾಸಿವೆ ಕಾಳುಗಳನ್ನು ಡಬ್ಬಕ್ಕೆ ಸುರಿದೆ. ಒಡೆದ ಬಲೂನಿನ ಚೂರುಗಳನ್ನು ಒಂದನೇ ತರಗತಿಯವರಿಗೆಂದು ಆರಿಸಿಕೊಂಡು ಶಾಲೆಗೆ ಹೊರಟೆ. ಗಂಟೆ ಹೊಡೆಯುವ ಸರದಿ ಆ ದಿನ ನನ್ನದಿತ್ತು.