ಬೀಗ ಹಾಕಿದ ಮನೆಯ ಬೆಕ್ಕು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆ ಅಂದರೆ ನಮ್ಮದು. ಉಳಿದ ಕಡೆಯೆಲ್ಲ ಬೆಳಗಾಗುವ ಮೊದಲೇ ಮಗ್ಗಗಳು ಬಡಿದುಕೊಳ್ಳಲು ಶುರುವಾದರೆ ಕರೆಂಟು ಹೋದಾಗ ಮಾತ್ರ ನಿಲ್ಲುತ್ತಿದ್ದವು. ಕೆಟ್ಟ ಮಗ್ಗಗಳನ್ನು ಸರಿಮಾಡುವುದು, ಹೊಸವು ಬಂದರೆ ಕೂರಿಸಿ ಓಡಿಸಿಕೊಡುವುದು ನನ್ನ ಕೆಲಸ. ಮಾಕಳಿದುರ್ಗದ ಬುಡದ ಹಳ್ಳಿಯಲ್ಲಿ ಬೇಸಾಯ ಮಾಡುವವರ ಮನೆಯಲ್ಲಿ ಹುಟ್ಟಿದವನು ನಾನು. ಹೊಲ ಅಣ್ಣಂದಿರ ಪಾಲಿಗಿರಲಿ ಎಂದು ಪೇಟೆಗೆ ಬಂದು ಈ ಕೆಲಸ ಕಲಿತಿದ್ದೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊರಗಿನ ಊರುಗಳಿಂದಲೂ ಕರೆ ಬರತೊಡಗಿತ್ತು. ಧರ್ಮಾವರಂ, ಸೇಲಂ, ಇಳಕಲ್ಲು. ಹೋದರೆ ವಾರಗಟ್ಟಲೆ ಅಲ್ಲೇ. ನಾನಿಲ್ಲದಾಗ ಮನೆಯಲ್ಲಿ ಹೆಂಡತಿ, ಮಗಳು ಇಬ್ಬರೇ.

ಮಗಳು ಮೂರನೇ ಕ್ಲಾಸಿನಲ್ಲಿದ್ದಳು. ಒಬ್ಬಳೇ ಮಗಳು. ಅವಳು ಸ್ಕೂಲಿನಿಂದ ಬರುವ ಹೊತ್ತಿಗೆ ಸರಿಯಾಗಿ ಒಂದು ಹೆಣ್ಣು ಬೆಕ್ಕು ಎಲ್ಲಿಂದಲೋ ಬರುತ್ತಿತ್ತು. ಬೂದಿ ಬಣ್ಣ, ಮೈಮೇಲೆ ಕಪ್ಪು ಪಟ್ಟೆ, ಒಂದು ಕಿವಿಯ ತುದಿ ಹರಿದಿತ್ತು. ಯಾರ ಮನೆಯದೂ ಅಲ್ಲ. ತಲೆ ಎತ್ತಿಕೊಂಡು, ಆ ಕಡೆ ಈ ಕಡೆ ನೋಡದೆ, ನೇರವಾಗಿ ಒಳಗೆ ನಡೆದು ಬರುತ್ತಿದ್ದ ಅದರ ಗತ್ತು ಅವಳಿಗೆ ತನ್ನ ಕ್ಲಾಸಿನ ಟೀಚರಂತೆ ಕಂಡಿತೋ ಏನೋ, ಅದನ್ನು ಮೇಡಂ ಎಂದೇ ಕರೆಯುತ್ತಿದ್ದಳು. ಅದೂ ಮರ್ಯಾದೆಯಿಂದ.

"ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ. ಅಮ್ಮಾ, ಮೇಡಂಗೆ ಹಾಲನ್ನ ಕಲಸ್ಕೊಡು."

ನನ್ನ ಹೆಂಡತಿ ಗೊಣಗುತ್ತಲೇ ಕಲಸಿಕೊಡುತ್ತಿದ್ದಳು. ತಿಂದ ಮೇಲೆ ಬೆಕ್ಕು ಮಗಳ ಪಕ್ಕದಲ್ಲಿ ಕೂತು, ಅವಳು ಮಗ್ಗಿ ಒಪ್ಪಿಸುವುದನ್ನು ಕಣ್ಣು ಮುಚ್ಚಿ ಕೇಳಿ, ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುತ್ತಿತ್ತು. ರಾತ್ರಿ ನಮ್ಮ ಮನೆಯಲ್ಲಿ ಉಳಿದದ್ದಿಲ್ಲ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಮಗಳಿಗೆ ಜ್ವರ ಬಂತು. ಮೊದಲು ಸಾಮಾನ್ಯ ಜ್ವರ ಎಂದರು. ಆಮೇಲೆ ಅವಳು ನಮ್ಮನ್ನು ಗುರುತಿಸುವುದು ನಿಲ್ಲಿಸಿದಳು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಮೆದುಳು ಜ್ವರ ಎಂದರು. ಡಾಕ್ಟರುಗಳು ಮಾಡಬೇಕಾದ್ದನ್ನು ಮಾಡಿದರು, ಅದರಲ್ಲಿ ದೂರುವುದಕ್ಕೆ ಏನೂ ಇಲ್ಲ. ಅವಳನ್ನು ನಮ್ಮ ಹಳ್ಳಿಯ ಹೊಲದಲ್ಲಿ, ಅಪ್ಪನ ಸಮಾಧಿಯ ಪಕ್ಕ ಮಣ್ಣು ಮಾಡಿ ಬಂದೆವು.

ಕಾರ್ಯ ಮುಗಿಸಿಕೊಂಡು ನೆಂಟರೆಲ್ಲ ಹೋದ ದಿನ, ಸಂಜೆ ಬೆಕ್ಕು ಬಂತು. ಎಂದಿನ ಹಾಗೆ ತಲೆ ಎತ್ತಿಕೊಂಡು ಒಳಗೆ ಬಂದು ಮಗಳು ಕೂರುತ್ತಿದ್ದ ಜಾಗದಲ್ಲಿ ಕೂತಿತು. ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದವಳು ಅದನ್ನು ನೋಡಿದಳು. ಬೈಯಲಿಲ್ಲ, ಓಡಿಸಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಲನ್ನ ನಾನೇ ಕಲಸಿದೆ. ಸ್ವಲ್ಪ ಮೂಸಿ ನೋಡಿ, ತಿನ್ನದೆ ಎದ್ದು ಹೋಯಿತು.

ಮರುವಾರವೇ ಹೆಂಡತಿ ಸೂಲಿಬೆಲೆಯ ಹತ್ತಿರದ ತನ್ನ ತವರಿಗೆ ಹೊರಟಳು. ಅಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ, ಕೊಟ್ಟಿಗೆ ತುಂಬ ಹಸು. ಕೈಗೆ ಕೆಲಸ ಸಿಗುತ್ತೆ, ಅಲ್ಲಿರಲಿ ಎಂದು ನಾನೂ ಒಪ್ಪಿದೆ. ನಾನು ದೂರದ ಕೆಲಸಗಳನ್ನು ಮೊದಲಿಗಿಂತ ಹೆಚ್ಚು ಒಪ್ಪಿಕೊಳ್ಳತೊಡಗಿದೆ. ಸೇಲಂನಲ್ಲಿ ಒಂದು ಮಗ್ಗದ ಶೆಡ್ಡಿನ ಮೂಲೆಯಲ್ಲಿ ಮಲಗಿದರೆ ನಿದ್ದೆ ಬರುತ್ತಿತ್ತು, ನಮ್ಮ ಮನೆಯಲ್ಲಿ ಬರುತ್ತಿರಲಿಲ್ಲ. ಅವಳು ಆಗೊಮ್ಮೆ ಈಗೊಮ್ಮೆ ಬಂದು ಕಸ ಗುಡಿಸಿ ಹೋಗುವಳು. ಮನೆಗೆ ಬೀಗ ಬಿದ್ದ ದಿನಗಳೇ ಹೆಚ್ಚಾದವು. ನಾನು ಊರಲ್ಲಿದ್ದ ದಿನ ಬೆಕ್ಕು ಬಂದರೆ ಹಾಲನ್ನ ಹಾಕುತ್ತಿದ್ದೆ, ಈಗೀಗ ತಿನ್ನುತ್ತಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮಗನ ಮಗ್ಗಗಳಿಗೆ ನೂಲು ಸುತ್ತಿಕೊಡುತ್ತಾ ಇಡೀ ದಿನ ಬಾಗಿಲಲ್ಲೇ ಕೂತಿರುವವರು. ಒಮ್ಮೆ ನಾನು ಊರಿಂದ ಬಂದು ಬೀಗ ತೆಗೆಯುತ್ತಿದ್ದಾಗ ಅವರು ಕರೆದರು.

"ಏನಪ್ಪಾ, ನಿಮ್ ಬೆಕ್ಕಿನ ಕತೆ ಏನು?"

"ನಮ್ದಲ್ಲ ಅಜ್ಜಿ ಅದು."

"ಅದಕ್ಕೆ ಗೊತ್ತಿಲ್ವಲ್ಲಪ್ಪಾ ಹಂಗಂತ. ದಿನಾ ಸಂಜೆ ಬಂದು ನಿಮ್ ಬಾಗ್ಲು ಮುಂದೆ ಕೂರುತ್ತೆ. ನಾನು ಹಾಲು ಹಾಕಿದ್ರೂ ಮುಟ್ಟಲ್ಲ. ನೀನು ಬಂದಾಗ ಮಾತ್ರ ತಿನ್ನುತ್ತೆ. ಒಂದ್ ದಿವ್ಸ ಹಾಕ್ತೀಯ, ಆಮೇಲೆ ಕಾಣೆಯಾಗ್ತೀಯ. ಸಾಕೋದಾದ್ರೆ ಸಾಕ್ಬಿಡು. ಇಲ್ಲಾಂದ್ರೆ ಆಸೆ ತೋರಿಸ್ಬೇಡ. ಹೊಟ್ಟೆ ಪಕ್ಕೆಗೆ ಅಂಟ್ಕೊಂಡಿದೆ ನೋಡು."

ನೋಡಿದೆ. ನಿಜವಾಗಿಯೂ ಸೊರಗಿತ್ತು. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಎಣಿಸಬಹುದಾಗಿತ್ತು. ಮಗಳು ಇದ್ದಾಗ ನಾನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಮುಂದಿನ ಸಲ ಹೆಂಡತಿ ಊರಿಗೆ ಬಂದಾಗ ಮಾತು ತೆಗೆದೆ. ಇಬ್ಬರೂ ಹಜಾರದಲ್ಲಿ ಕೂತಿದ್ದೆವು. ಬೆಕ್ಕು ಹೊಸಿಲ ಆಚೆ ಕೂತಿತ್ತು.

"ಸಾಕೋಣ ಕಣೇ ಇದನ್ನ," ಅಂದೆ.

"ಯಾರು ಸಾಕೋರು? ನೀವಾ?" ಅವಳು ನನ್ನ ಕಡೆ ನೋಡಲಿಲ್ಲ. "ನಾಳೆ ಧರ್ಮಾವರಂ ಅಂತೀರ. ನಾನು ನಾಳಿದ್ದು ಸೂಲಿಬೆಲೆ ಬಸ್ ಹತ್ತೋಳೇ. ಬೀಗಕ್ಕೆ ಹೇಳ್ಬಿಟ್ಟು ಹೋಗ್ತೀರಾ, ಹಾಲು ಹಾಕು ಅಂತ?"

"ನೀನು ಇಲ್ಲೇ ಇದ್ರೆ..."

"ಇರಕ್ಕಾಗಲ್ಲ." ಹೊಸಿಲ ಕಡೆ ನೋಡುತ್ತಾ ಹೇಳಿದಳು. "ಸಾಯಂಕಾಲ ಸ್ಕೂಲ್ ಬಿಟ್ಟು ಮಕ್ಳು ಗಲಾಟೆ ಮಾಡ್ಕೊಂಡು ಬರ್ತಾವಲ್ಲ, ಅದೊಂದು ಹೊತ್ತು ನನ್ನ ಕೈಲಿ ಈ ಮನೇಲಿ ಇರಕ್ಕಾಗಲ್ಲ ಕಣ್ರೀ. ಇದೂ ಅದೇ ಹೊತ್ಗೆ ಬರುತ್ತೆ. ಅವಳ ಹಿಂದೇನೇ ಬಂದಂಗೆ ಬರುತ್ತೆ."

ನಾನು ದೂರದ ಕೆಲಸ ಬಿಡುತ್ತೇನೆ ಎನ್ನಬಹುದಿತ್ತು. ಆದರೆ ಆಗ ಆ ಮನೆಯಲ್ಲಿ ಒಬ್ಬನೇ ಇರುವ ಧೈರ್ಯ ನನಗೂ ಇರಲಿಲ್ಲ. ಬೆಕ್ಕಿಗೆ ಬೇಕಾದದ್ದು ದಿನಕ್ಕೊಂದು ಹಿಡಿ ಅನ್ನ, ಸಂಜೆ ತೆರೆದಿರುವ ಒಂದು ಬಾಗಿಲು. ಅಷ್ಟನ್ನು ಕೊಡುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ದಾರಿ ಅವಳೇ ಹುಡುಕಿದಳು. "ನಮ್ಮಮ್ಮನ ಮನೆಗೆ ತಗೊಂಡ್ ಹೋಗೋಣ. ಹುಳುಮನೇಲಿ ಇಲಿ ಕಾಟ ಜಾಸ್ತಿ ಆಗಿದೆ. ಹಾಲಿಗೇನೂ ಬರ ಇಲ್ಲ. ಯಾವಾಗ್ಲೂ ಯಾರಾದ್ರೂ ಮನೇಲಿ ಇದ್ದೇ ಇರ್ತಾರೆ." ಆಮೇಲೆ, ಬೇರೆ ಯಾರಿಗೋ ಹೇಳುವವಳಂತೆ, "ಉಪವಾಸ ಸಾಯೋದು ಬೇಡ ಅದು," ಅಂದಳು.

ಅಜ್ಜಿ ಒಂದು ಬಿದಿರಿನ ಬುಟ್ಟಿ ಕೊಟ್ಟರು. ಬೆಕ್ಕು ಪರಚಾಡಲಿಲ್ಲ. ನನ್ನ ಹೆಂಡತಿ ಎತ್ತಿ ಕೂರಿಸಿದಾಗ ಸುಮ್ಮನೆ ಕೂತಿತು. ಮೇಲೊಂದು ಬುಟ್ಟಿ ಕವುಚಿ ಹಗ್ಗ ಬಿಗಿದೆ. ದೇವನಹಳ್ಳಿಯ ತನಕ ಸದ್ದಿಲ್ಲ. ಅಲ್ಲಿ ಬಸ್ಸು ಬದಲಾಯಿಸಿ ಹತ್ತಿದ ಮೇಲೆ ಕೂಗಲು ಶುರುಮಾಡಿತು. ಕಂಡಕ್ಟರು ಬಂದು ಬುಟ್ಟಿಯ ಸಂದಿಯಲ್ಲಿ ಇಣುಕಿದ.

"ಏನ್ ಗುರು ಇದು, ಕೋಳಿ ಅನ್ಕೊಂಡ್ರೆ ಬೆಕ್ಕು! ಬೆಕ್ಕನ್ನ ಬಸ್ಸಲ್ಲಿ ಕರ್ಕೊಂಡ್ ಹೋಗೋರ್ನ ಇವತ್ತೇ ನೋಡಿದ್ದು."

ಸುತ್ತಲಿನವರು ನಕ್ಕರು. ನಾನೂ ನಕ್ಕೆ. ನನ್ನ ಹೆಂಡತಿ ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡು, ಸಂದಿಯಲ್ಲಿ ಬೆರಳು ತೂರಿಸಿ, ಸೂಲಿಬೆಲೆ ಬರುವವರೆಗೂ ಹಾಗೇ ಕೂತಿದ್ದಳು.

ಅತ್ತೆ ಅದನ್ನು ಕಾಳು ತುಂಬುವ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿದರು. "ಜಾಗ ಒಗ್ಗೋ ಗಂಟ ಹೊರಗ್ ಬಿಡಬಾರ್ದು. ನೀವು ಯೋಚ್ನೆ ಮಾಡ್ದೆ ಹೋಗ್ಬನ್ನಿ ಅಳಿಯಂದ್ರೇ, ನಮ್ಮನೇಲಿ ಅದಕ್ಕೇನು ಕಮ್ಮಿ?" ಅಂದರು. ನನಗೂ ಎದೆ ಹಗುರಾಯಿತು. ಮಾರನೆಯ ದಿನ ಧರ್ಮಾವರಂಗೆ ಹೋದೆ.

ಕೆಲಸ ಮುಗಿಸಿ ನೇರ ಸೂಲಿಬೆಲೆಗೇ ಬಂದೆ. ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಮುಖ ನೋಡುತ್ತಲೇ ಏನೋ ಆಗಿದೆ ಎಂದು ಗೊತ್ತಾಯಿತು. ಹಿಂದಿನ ದಿನ ಸಂಜೆ, ಕಾಳಿನ ಮೂಟೆ ಇಳಿಸಲು ಬಾಗಿಲು ತೆಗೆದಾಗ, ಬೆಕ್ಕು ಕಾಲ ಸಂದಿಯಲ್ಲಿ ನುಸುಳಿ ಓಡಿಹೋಗಿತ್ತು. ಸ್ಕೂಲು ಬಿಡುವ ಹೊತ್ತು ಅದು.

"ನಿನ್ನೆಯಿಂದ ಅವ್ಳು ಒಂದ್ ತುತ್ತು ಬಾಯಿಗೆ ಹಾಕಿಲ್ಲ ಸ್ವಾಮಿ. ಬೆಳಗ್ಗೆ ಎದ್ದೋಳು ತೋಟದ ಕಡೆ ಹೋಗಿದ್ದಾಳೆ. ನೀವಾದ್ರೂ ಹೋಗಿ ಕರ್ಕೊಂಡ್ ಬನ್ನಿ."

ಹಿಪ್ಪುನೇರಳೆ ತೋಟ ದಾಟಿ, ಪಕ್ಕದವರ ದ್ರಾಕ್ಷಿ ಚಪ್ಪರದ ಹತ್ತಿರ ಹೋಗುವಾಗ ಅವಳ ದನಿ ಕೇಳಿಸಿತು. ಸೀರೆ ಎತ್ತಿ ಸಿಕ್ಕಿಸಿಕೊಂಡು, ಕಾಲೆಲ್ಲ ಕೆಸರು ಮಾಡಿಕೊಂಡು, ಚಪ್ಪರದ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಾ ಕೂಗುತ್ತಿದ್ದಳು.

"ಮೇಡಂ... ಬನ್ನಿ ಮೇಡಂ... ಮೇಡಂ..."

ಮಗಳ ಮಾತು ಅದು. ಮಗಳು ಹೋದ ಮೇಲೆ ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ. ಬೆಕ್ಕನ್ನು ಅದು, ಇದು ಎನ್ನುತ್ತಿದ್ದೆವೇ ಹೊರತು ಆ ಹೆಸರು ಹಿಡಿದು ಕರೆದಿರಲಿಲ್ಲ. ನಾನು ನಿಂತಲ್ಲೇ ನಿಂತೆ.

ಚಪ್ಪರಕ್ಕೆ ಔಷಧಿ ಹೊಡೆಯುತ್ತಿದ್ದ ಮುದುಕರೊಬ್ಬರು ಅವಳನ್ನು ಕೇಳಿದರು. "ಯಾವ ಮೇಡಮ್ಮೋರನ್ನ ಹುಡುಕ್ತಿದ್ದೀಯವ್ವಾ? ಸ್ಕೂಲು ಆ ಕಡೆ ಐತಲ್ಲ. ತೋಟದಾಗೆ ಯಾಕೆ ಬತ್ತಾರೆ ಅವ್ರು?"

ಅವಳು ಅಲ್ಲೇ ಬದುವಿನ ಮೇಲೆ ಕುಸಿದು ಕೂತು ಅಳತೊಡಗಿದಳು. ಆಸ್ಪತ್ರೆಯಲ್ಲಿ, ಹಳ್ಳಿಯಲ್ಲಿ, ನೆಂಟರ ನಡುವೆ ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಗಟ್ಟಿಗಿತ್ತಿ ಎಂದು ಜನ ಹೊಗಳಿದ್ದರು. ಈಗ ಮಣ್ಣಿನಲ್ಲಿ ಕೂತು, ಮಗಳ ಹೆಸರು ಹಿಡಿದು, ಎದೆ ಬಿರಿಯುವ ಹಾಗೆ ಅತ್ತಳು. ಮುದುಕರು ಗಾಬರಿಯಾಗಿ ಔಷಧಿ ಡಬ್ಬ ಇಳಿಸಿ, ತಾವೇನೋ ತಪ್ಪು ಮಾತಾಡಿಬಿಟ್ಟೆವು ಎಂಬಂತೆ ನನ್ನ ಮುಖ ನೋಡಿದರು. ನಾನು ಕೈಸನ್ನೆ ಮಾಡಿ, ಅವಳ ಪಕ್ಕದಲ್ಲಿ ಹೋಗಿ ಕೂತೆ. ನಾನೂ ಅತ್ತೆ.

ಬಿಸಿಲು ಏರಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಊರಿಗೆ ಹೋಗೋಣ ನಡೀರಿ," ಅಂದಳು.

"ಇವತ್ತೊಂದಿನ ಹುಡುಕೋಣ. ಇಲ್ಲೇ ಎಲ್ಲೋ..."

"ಇಲ್ಲಿಲ್ಲ ಅದು. ಮನೆ ಹುಡುಕ್ಕೊಂಡು ಹೋಗಿದೆ. ಅಷ್ಟು ದೂರ ನಡ್ಕೊಂಡ್ ಬಂದಾಗ ಬಾಗ್ಲಿಗೆ ಬೀಗ ಇರ್ಬಾರ್ದು ಕಣ್ರೀ."

ಬಸ್ಸಿನ ದಾರಿಯೇ ಅಷ್ಟು ಉದ್ದ, ನಡುವೆ ಹೆದ್ದಾರಿ, ಕೆರೆಗಳು, ಊರೂರಿನ ನಾಯಿಗಳು. ಬೆಕ್ಕು ಬರುವುದು ಸಾಧ್ಯವಿಲ್ಲವೆಂದು ನನಗೆ ಅನಿಸಿತ್ತು. ಆದರೂ ಅವತ್ತು ಮಧ್ಯಾಹ್ನವೇ ಬಟ್ಟೆಬರೆ ಕಟ್ಟಿಕೊಂಡು ಇಬ್ಬರೂ ದೊಡ್ಡಬಳ್ಳಾಪುರಕ್ಕೆ ಬಂದೆವು. ಸ್ಕೂಲು ಬಿಡುವ ಮೊದಲೇ ಅವಳು ಬಾಗಿಲು ತೆರೆದು, ಹಾಲನ್ನ ಕಲಸಿಟ್ಟು, ಹೊಸಿಲ ಹತ್ತಿರ ಕೂತಳು. ಮಕ್ಕಳು ಕೂಗಾಡುತ್ತಾ ಬೀದಿಯಲ್ಲಿ ಓಡಿಹೋದರು. ಅವಳು ಎರಡೂ ಕೈಗಳಿಂದ ಮಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಎದ್ದು ಒಳಗೆ ಹೋಗಲಿಲ್ಲ.

ಬೆಕ್ಕು ಬರಲಿಲ್ಲ. ಮರುದಿನವೂ ಬರಲಿಲ್ಲ. ಚಳಿಗಾಲ ಕಳೆದು ಬೇಸಿಗೆ ಬಂತು, ಆಗಲೂ ಬರಲಿಲ್ಲ. ದೇವನಹಳ್ಳಿ ದಾಟುವಾಗೆಲ್ಲ ನಾನು ಬಸ್ಸಿನ ಕಿಟಕಿಯಿಂದ ರಸ್ತೆಯ ಅಂಚನ್ನು ನೋಡುತ್ತಿದ್ದೆ. ಅದಕ್ಕೆ ಏನಾಯಿತು ಎಂದು ಇವತ್ತಿಗೂ ಗೊತ್ತಿಲ್ಲ.

ಆದರೆ ಅವಳು ತವರಿಗೆ ವಾಪಸು ಹೋಗಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಾಯುತ್ತಾ ಕಾಯುತ್ತಾ ಆ ಮನೆಯಲ್ಲಿ ಇರುವುದು ಅವಳಿಗೆ ಅಭ್ಯಾಸವಾಯಿತು. ಅಜ್ಜಿಯ ಜೊತೆ ಕೂತು ನೂಲು ಸುತ್ತುವುದನ್ನು ಕಲಿತಳು. ಅವಳು ಅಲ್ಲಿ ಉಳಿದ ಮೇಲೆ ನಾನೂ ಸೇಲಂ, ಇಳಕಲ್ಲು ಬಿಟ್ಟೆ. ಸುತ್ತಮುತ್ತಲ ಊರುಗಳ ಕೆಲಸ ಹಿಡಿದು, ಸಂಜೆಗೆ ಮನೆ ಸೇರತೊಡಗಿದೆ. ನಮಗೆ ಮತ್ತೆ ಮಕ್ಕಳಾಗಲಿಲ್ಲ.

ಕೆಲವು ವರ್ಷಗಳ ನಂತರ ಅಜ್ಜಿಯ ಮನೆಯ ಅಟ್ಟದಲ್ಲಿ ಒಂದು ಬೆಕ್ಕು ಮರಿ ಹಾಕಿತು. ಕಣ್ಣು ಬಿಟ್ಟು ಓಡಾಡುವಂತಾದ ಮೇಲೆ ಅಜ್ಜಿ ಒಂದನ್ನು ಸೆರಗಿನಲ್ಲಿ ಇಟ್ಟುಕೊಂಡು ಬಂದರು. "ಈಗ ಇಬ್ರೂ ಮನೇಲೇ ಇರ್ತೀರಲ್ಲ, ಸಾಕ್ಕೊಳ್ಳಿ," ಅಂದರು.

ನನ್ನ ಹೆಂಡತಿ ಮರಿಯನ್ನು ಕೈಗೆ ತೆಗೆದುಕೊಂಡಳು. ಅದರ ಹೊಟ್ಟೆ, ಕಿವಿ, ಪಾದ ಎಲ್ಲವನ್ನೂ ನೋಡಿದಳು. ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅಜ್ಜಿಯ ಸೆರಗಿಗೇ ಹಾಕಿದಳು.

"ಬೇಡ ಅಜ್ಜಿ. ನಂಗೆ ಇನ್ನೂ ಆಗಲ್ಲ."

ಅಜ್ಜಿ ಒತ್ತಾಯ ಮಾಡಲಿಲ್ಲ. ಅವರು ಹೋದ ಮೇಲೆ ಅವಳು ನನ್ನ ಕಡೆ ತಿರುಗಿ, "ಅವಳಾಗಿದ್ರೆ ಇದನ್ನ ಏನಂತ ಕರೀತಿದ್ಲು ಹೇಳಿ?" ಎಂದು ಕೇಳಿದಳು. ನನಗೆ ತಿಳಿದದ್ದನ್ನು ಹೇಳಿದೆ. ಅಲ್ಲ, ಹಾಗಲ್ಲ ಎಂದು ಅವಳು ಬೇರೆ ಹೇಳಿದಳು. ಮಗಳ ಕ್ಲಾಸಿನಲ್ಲಿ ಯಾರ್ಯಾರಿದ್ದರು, ಯಾರ ಮೇಲೆ ಜಗಳಕ್ಕೆ ಹೋಗುತ್ತಿದ್ದಳು, ಯಾವ ಮಗ್ಗಿ ತಪ್ಪುತ್ತಿದ್ದಳು ಎಂದು ಅಡುಗೆಯನ್ನೂ ಮರೆತು ಮಾತಾಡುತ್ತಾ ಕೂತೆವು.