ಹೆಣ್ಣು ಕಪ್ಪೆಗೆ ಚಾಚಾ ಕೊಟ್ಟ ಜೊತೆ

ಎಂಬತ್ತರ ದಶಕದ ಶುರುವಿನ ಒಂದು ಮಳೆಗಾಲ. ದಾವಣಗೆರೆಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಆ ಶನಿವಾರ ಬೆಳಿಗ್ಗೆ ಮೂವರಿದ್ದೆವು: ಹೊಸದಾಗಿ ಪಾಠಕ್ಕೆ ಸೇರಿದ ನಾನು, ವಿಭಾಗದ ಮುಖ್ಯಸ್ಥರು, ಹರಿಹರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಅಟೆಂಡರ್. ಅಟೆಂಡರ್ ವಯಸ್ಸಾದವರು, ಎಲ್ಲರ ಬಾಯಲ್ಲೂ ಚಾಚಾ.

"ಬೋರ್ಡಿನ ಮ್ಯಾಲೆ ಬರದ್ರೆ ಸಾಕಿತ್ತಲ್ಲ ಮೇಡಂ?" ಎಂದರು ಮುಖ್ಯಸ್ಥರು. "ಇವತ್ತು ಆಗ್ಲಿಲ್ಲ ಅಂದ್ರೆ ಶನಿವಾರದ ಪ್ರಯೋಗದ ತಾಸು ಗಣಿತದವರಿಗೆ ಕೊಟ್ಟುಬಿಡ್ತೀನಿ."

ನನಗಿದ್ದದ್ದು ಅದೊಂದೇ ಪ್ರಯೋಗದ ಹೊತ್ತು. ಗಂಡಿನ ಸಂಪರ್ಕವೇ ಇಲ್ಲದ ಕಪ್ಪೆ ಮೊಟ್ಟೆಯನ್ನು ರಕ್ತ ತಾಗಿಸಿದ ಸೂಜಿಯಿಂದ ಚುಚ್ಚಿದರೆ ಕೆಲವಾದರೂ ಒಡೆದು ಎರಡಾಗುತ್ತವೆ. ಆ ಕೆಲಸಕ್ಕೆ ಬೇಕಾದ ಬಹುಪಾಲನ್ನು ತಾಯಿ ಮೊಟ್ಟೆಯೊಳಗೆ ಮೊದಲೇ ತುಂಬಿಟ್ಟಿರುತ್ತಾಳೆ. ಮುಂದೇನು ಕಟ್ಟಬೇಕೆಂಬ ಸಂದೇಶಗಳೂ, ಅಂದರೆ ಆರ್‌ಎನ್‌ಎ, ಅದರೊಳಗೇ ಇರುತ್ತವೆ. ಕೆಲವು ಪ್ರೋಟೀನುಗಳು ಅವುಗಳಿಗೆ ಅಂಟಿಕೊಂಡು, ಹಾಳಾಗದಂತೆ, ಹೊತ್ತಿಗೆ ಮುಂಚೆ ಯಾರೂ ಓದದಂತೆ ಮುಚ್ಚಿಟ್ಟಿರುತ್ತವೆ. ಮೊಟ್ಟೆ ಎಚ್ಚೆತ್ತಾಗಲೇ ಆ ಹಿಡಿತ ಸಡಿಲವಾಗುವುದು.

ಹಿಂದಿನ ದಿನ ಇದನ್ನೇ ಹೇಳಿದಾಗ ಚಾಚಾ ತಲೆಯಾಡಿಸಿದ್ದರು. "ತಿಳೀತು ಬಿಡ್ರಿ. ತಾಯಿ ಚೀಟಿ ಬರದಿಟ್ಟಾಳ. ಪ್ರೋಟೀನ್ ಅಂಬೋದು ಅದನ್ನ ಸೆರಗಿನಾಗೆ ಕಟ್ಕಂಡು ಕುಂತ ದೊಡ್ಡಮ್ಮ. ಹೊತ್ತಾಗೋಮಟ ಕೇಳಿದ್ರೂ ಕೊಡಂಗಿಲ್ಲ."

ನಾನು ವಾರವಿಡೀ ಹೇಳಲು ಹೆಣಗಿದ್ದು ಅಷ್ಟೇ.

ಬಕೆಟ್ಟಿನಲ್ಲಿದ್ದ ಹೆಣ್ಣು ಕಪ್ಪೆ ಆಗಷ್ಟೇ ಇಟ್ಟ ಮೊಟ್ಟೆಗಳನ್ನು ಚಾಚಾ ಬಟ್ಟಲಿಗೆ ತಂದುಕೊಟ್ಟರು. ಅರ್ಧದಷ್ಟನ್ನು ಚುಚ್ಚಿ, ಉಳಿದವನ್ನು ಹೋಲಿಸಿ ನೋಡಲು ಹಾಗೇ ಬಿಟ್ಟು ಕಾದೆವು. ಹನ್ನೊಂದಕ್ಕೆ ಹುಡುಗರು ಬರುವಷ್ಟರಲ್ಲಿ ಬಟ್ಟಲು ತುಂಬ ಮೊಟ್ಟೆಗಳು ನಡುವೆ ಗೆರೆ ಎಳೆದಂತೆ ಎರಡಾಗಿದ್ದವು. ಮುಖ್ಯಸ್ಥರು ಸೂಕ್ಷ್ಮದರ್ಶಕದಿಂದ ತಲೆ ಎತ್ತಲೇ ಇಲ್ಲ. ನನಗೆ ಮಾತ್ರ ಯಾಕೋ ಕಸಿವಿಸಿ. ಇಷ್ಟೊಂದು ಆಗಬಾರದಿತ್ತು. ಚುಚ್ಚದೆ ಬಿಟ್ಟವೂ ಒಡೆದಿದ್ದವು!

ಚಾಚಾರ ಕಡೆ ನೋಡಿದೆ.

"ನಿನ್ನೆ ಒಬ್ಬಳೇ ಕುಂತಿದ್ಲು ಮೇಡಂ, ಬಕೀಟಿನಾಗೆ," ಎಂದರು ಮೆಲ್ಲಗೆ. "ದೂರದಿಂದ ಬಂದಾಕಿ. ನೋಡಾಕ ಆಗ್ಲಿಲ್ಲ. ಎರಡು ಗಂಡು ಬಿಟ್ಟೆ, ಜೊತಿಗಿರ್ಲಿ ಅಂತ."

ಮನೆಗೆ ಬಂದವರನ್ನು ಒಂಟಿಯಾಗಿ ಕೂರಿಸಬಾರದೆಂದು ನಮ್ಮ ಹಿರಿಯರೂ ಹೇಳುತ್ತಿದ್ದರು. ಕಪ್ಪೆಗೂ ಆ ಮರ್ಯಾದೆ ಸಲ್ಲುತ್ತದೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಸುಮ್ಮನಿದ್ದರೆ ತಾಸು ಉಳಿಯುತ್ತಿತ್ತು. ಮುಖ್ಯಸ್ಥರ ಮುಖದಲ್ಲಿ ಅಷ್ಟು ಖುಷಿಯಿತ್ತು. ಆದರೆ ಬೆಂಚಿನಾಚೆ ಹುಡುಗರು ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದರು. ಬಾಯಿಬಿಟ್ಟು ಹೇಳಿದೆ: ಬಕೆಟ್ಟಿನಲ್ಲಿ ಗಂಡು ಕಪ್ಪೆ ಇದ್ದವು, ಇದರಿಂದ ಏನೂ ಸಾಬೀತಾಗುವುದಿಲ್ಲ, ಬರೆದದ್ದನ್ನು ಹೊಡೆದುಹಾಕಿ.

ಹಿಂದಿನ ಸಾಲಿನಿಂದ, ಚಾಚಾ ಹೇಳಿದ್ದನ್ನು ಕೇಳಿಸಿಕೊಂಡಿದ್ದ ಒಬ್ಬ, "ಮದುವಿ ಊಟ ಹಾಕ್ಸು ಚಾಚಾ!" ಎಂದ. ಲ್ಯಾಬೇ ನಕ್ಕಿತು. ಮುಖ್ಯಸ್ಥರು ನಗಲಿಲ್ಲ. "ಒಂದು ವಾರ ಐತೆ," ಎಂದಷ್ಟೇ ಹೇಳಿ ಹೊರಟರು.

ಚಾಚಾ ತಾವೇ ಕಡರನಾಯಕನಹಳ್ಳಿಯ ಗದ್ದೆಗಳಲ್ಲಿ ಹುಡುಕಿ ಇನ್ನೊಂದು ಹೆಣ್ಣು ತಂದರು. ಹೊಸ ಮಡಿಕೆ, ಹೊಸ ನೀರು. "ಬೇಜಾರಾದ್ರೆ ಆಗ್ಲಿ, ಈ ಸಲ ಯಾರೂ ಬ್ಯಾಡ," ಎಂದು ಮಡಿಕೆಯ ಬಾಯಿಗೆ ಬಟ್ಟೆ ಕಟ್ಟಿಟ್ಟರು.

ಮುಂದಿನ ಶನಿವಾರ ಚುಚ್ಚದ ಮೊಟ್ಟೆಗಳೆಲ್ಲ ಹಾಗೇ ಕುಳಿತಿದ್ದವು. ಚುಚ್ಚಿದವುಗಳಲ್ಲಿ ಐದು ಮಾತ್ರ ಎರಡಾಗಿದ್ದವು. ಮುಖ್ಯಸ್ಥರು ಐದನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಗಣಿತದವರಿಗೆ ಬೇರೆ ಹೊತ್ತು ಹುಡುಕಲು ಆಫೀಸಿಗೆ ಹೋದರು.